ನಕ್ಷೆಯಲ್ಲಿ ಬಿಟ್ಟ ಜಾಗ

ನಡುಬೇಸಿಗೆಯಲ್ಲೂ ನಮ್ಮ ಮೇಡಂ ಉಣ್ಣೆಯ ಕಾಲುಚೀಲ ಹಾಕುತ್ತಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಬಿಳಿ ಅಂಗಿ, ಕತ್ತಿನವರೆಗೂ ಬಿಗಿದ ಗುಂಡಿ, ಮುಂಗೈಗೆ ರಬ್ಬರ್ ಬ್ಯಾಂಡು, ತಲೆ ಕಿವಿಗಳನ್ನು ಮುಚ್ಚಿ ಸುತ್ತಿದ ತೆಳು ಬಟ್ಟೆ, ಅದರ ನಡುವೆ ಬೆವರಿಳಿಯುವ ಮುಖ. ನಂಜನಗೂಡಿನ ಬಸ್‌ಸ್ಟಾಂಡಿನಲ್ಲಿ ಅವರು ಹಾಗೆ ನಿಂತರೆ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಒಮ್ಮೆ ಕಂಡಕ್ಟರ್, “ಏನ್ ಮೇಡಂ, ಜ್ವರವಾ?” ಎಂದು ಕೇಳಿದ.

“ಇಲ್ಲಪ್ಪ, ಭಯ” ಎಂದರು ಮೇಡಂ.

ಅವನು ತಮಾಷೆಯೆಂದುಕೊಂಡು ನಕ್ಕ. ಅವರು ಹೇಳಿದ್ದು ನಿಜವನ್ನೇ.

ಬಿ.ಎಸ್ಸಿ.ಯಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದವರು ಅವರು. ಪಾಠ ಮೈಸೂರಿನ ಕಾಲೇಜಿನಲ್ಲಿ, ವಾಸ ನಂಜನಗೂಡಿನಲ್ಲಿ, ನಮ್ಮ ಮನೆಯಿಂದ ಮೂರನೇ ಬೀದಿ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಓದು ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದೆ. ತಾಂಡ್ಯದ ಫ್ಯಾಕ್ಟರಿಯಿಂದ ಬರುತ್ತಿದ್ದ ನಮ್ಮಪ್ಪನನ್ನು ಮೇಡಂ ದಾರಿಯಲ್ಲಿ ನಿಲ್ಲಿಸಿ, “ನಿಮ್ಮ ಮಗಳನ್ನ ನನ್ನ ಜೊತೆ ಕಳಿಸಿ, ಜೇನು ನೋಡೋ ಕೆಲಸ ಇದೆ” ಎಂದರಂತೆ. ತುಪ್ಪ ತೆಗೆಯುವ ಕೆಲಸವಿರಬೇಕೆಂದು ಅಪ್ಪ ಒಪ್ಪಿಕೊಂಡು ಬಂದರು.

ಅದು ತುಪ್ಪ ಕೊಡುವ ಜೇನಲ್ಲ. ಮಣ್ಣಿನ ಗೋಡೆಗಳಲ್ಲಿ ತೂತು ಕೊರೆದು ಒಂಟಿಯಾಗಿ ಬದುಕುವ ಕಾಡುಜೇನು. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು. ಎಲ್ಲರೂ ಅದನ್ನು ಒಂದೇ ಜಾತಿಯೆಂದು ತಿಳಿದಿದ್ದ ಕಡೆ ಮೇಡಂಗೆ ಎರಡು ಕಂಡಿದ್ದವು. ಒಂದರ ಪಟ್ಟೆ ಹಸಿರಿಗೆ ತಿರುಗಿದ ನೀಲಿ, ಬೆನ್ನಿನ ರೋಮ ಇಟ್ಟಿಗೆ ಬಣ್ಣ. ಇನ್ನೊಂದರ ಪಟ್ಟೆ ಬಿಳಿಚಿಕೊಂಡ ನೀಲಿ, ರೋಮ ಬೂದಿ ಬಣ್ಣ. ಆದರೆ ಬಿಸಿಲಿಗೆ ರೋಮ ಮಾಸಿದರೆ ಇಟ್ಟಿಗೆ ಬಣ್ಣದ್ದೂ ಬೂದಿ ಬಣ್ಣದ್ದರಂತೆಯೇ. ಆಗ ಮಸೂರ ಹಿಡಿದು ಮುಖದ ಮೇಲಿನ ಹಳದಿ ಗುರುತಿನ ಅಂಚನ್ನು ನೋಡಬೇಕು. ಇಟ್ಟಿಗೆ ಬಣ್ಣದ್ದು ನಂಜನಗೂಡಿನ ಸುತ್ತ ಕಪಿಲೆಯ ಗುಂಟ ಸಿಗುತ್ತಿತ್ತು. ಬೂದಿ ಬಣ್ಣದ್ದು ತಿ. ನರಸೀಪುರದ ಆಚೆ, ಕಾವೇರಿ ಕಡೆಗೆ. ಒಂದರ ಸೀಮೆ ಎಲ್ಲಿ ಮುಗಿಯುತ್ತದೆ, ಇನ್ನೊಂದರದ್ದು ಎಲ್ಲಿ ಶುರುವಾಗುತ್ತದೆ ಎಂದು ಊರೂರು ತಿರುಗಿ ನಕ್ಷೆಯಲ್ಲಿ ಗುರುತಿಸುವುದು ನಮ್ಮ ಕೆಲಸ.

ಮೊದಲ ದಿನವೇ ಅವರು ಸ್ಟೀಲಿನ ಸೋಪಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಹತ್ತಿಯ ಮಧ್ಯೆ ಸಿರಿಂಜು, ಗಾಜಿನ ಪುಟ್ಟ ಔಷಧಿ ಬಾಟಲಿ.

“ನಂಗೆ ಜೇನು ಕಚ್ಚಿದ್ರೆ ಆಗಲ್ಲ ಕಣಮ್ಮ. ಹಿಂದೆ ಒಂದ್ಸಲ ಒಂದೇ ಒಂದು ಕಚ್ಚಿ ಗಂಟಲು ಕಟ್ಟಿಹೋಗಿತ್ತು. ಮುಂದಿನ ಸಲ ಉಳಿಯೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ನಾನು ಬಿದ್ರೆ ಇದನ್ನ ತೊಡೆಗೆ ಚುಚ್ಚು. ಮೊದಲು ಚುಚ್ಚು, ಆಮೇಲೆ ಅಳು.”

ನಿಂಬೆಹಣ್ಣಿಗೆ ನೀರು ಚುಚ್ಚಿಸಿ ಅಭ್ಯಾಸ ಮಾಡಿಸಿದರು. ಮೊದಲ ಸೂಜಿ ಬಾಗಿತು.

ಅಂದಿನಿಂದ ನನ್ನ ಕಣ್ಣಿಗೆ ಮರಗಳು ಮರಗಳಾಗಿ ಕಾಣುವುದು ನಿಂತುಹೋಯಿತು. ನೀಲಿಪಟ್ಟೆಯ ಜೇನು ಸಾಧು. ತಾನಾಗಿ ಯಾರ ಮೇಲೂ ಬೀಳುವುದಿಲ್ಲ. ಆದರೆ ಅದು ಮೇಯುವ ಹೂವಿಗೆ ಹೆಜ್ಜೇನೂ ಬರುತ್ತದೆ. ಊರು ಹೊಕ್ಕ ಕೂಡಲೇ ನಾನು ತಲೆಯೆತ್ತಿ ಆಲ, ಬೂರುಗ, ನೀರಿನ ಟ್ಯಾಂಕು, ಸೇತುವೆಯ ಅಡಿ ಎಲ್ಲ ಹುಡುಕುತ್ತಿದ್ದೆ. ಮೇಡಂ ದುರ್ಬೀನು ಹಿಡಿದು ಮತ್ತೊಮ್ಮೆ ಹುಡುಕುತ್ತಿದ್ದರು. ನಾನು ಹೂವು ಮುಡಿಯುವಂತಿಲ್ಲ, ಪೌಡರು ಹಾಕುವಂತಿಲ್ಲ, ತಲೆಗೆ ಘಮಘಮ ಎಣ್ಣೆ ಕೂಡದು. “ಮದುವೆ ಆಗ್ಬೇಕಾದ ಹುಡುಗೀನ ಸನ್ಯಾಸಿನಿ ಮಾಡ್ಬಿಟ್ರು” ಎಂದು ಅಮ್ಮ ಗೊಣಗುತ್ತಿದ್ದಳು.

ಹಳ್ಳಿಗಳಲ್ಲಿ ಮೇಡಂ ಮಣ್ಣಿನ ಗೋಡೆಯ ಮುಂದೆ ಸ್ಟೂಲು ಹಾಕಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಮಜ್ಜಿಗೆ ತಂದು ಕೊಟ್ಟು, “ಅಲ್ಲ ಕಣವ್ವ, ಉಳದಲ್ಲೂ ಜಾತಿ ಕೇಳ್ತೀರಲ್ಲ, ನಮ್ಮನ್ ಕೇಳಿದ್ದು ಸಾಲ್ದಾ?” ಅಂದಳು. ಮೇಡಂ ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. “ಇವಕ್ಕೆ ಮೇಲು ಕೀಳು ಇಲ್ಲ ಕಣಜ್ಜಿ. ಯಾರ ಮನೆ ಎಲ್ಲಿ ಅಂತ ಗೊತ್ತಾದ್ರೆ, ಮನೆ ಹೋದಾಗ ಯಾರದ್ದು ಹೋಯ್ತು ಅಂತಾನಾದ್ರೂ ಗೊತ್ತಾಗುತ್ತೆ” ಅಂದರು. ಅಜ್ಜಿಯ ಮುಖ ಸಪ್ಪಗಾಯಿತು. “ಈ ಗೋಡೇನೂ ಕೆಡವ್ತಾನೆ ಕಣವ್ವ ನನ್ ಮಗ. ಇಟ್ಗೆದು ಕಟ್ತಾನಂತೆ” ಅಂದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ: “ಇಷ್ಟು ಭಯ ಇಟ್ಕೊಂಡು ಯಾಕೆ ಮೇಡಂ ಈ ಕೆಲಸ?”

“ಬಿಟ್ಟು ನೋಡಿದೆ ಕಣಮ್ಮ. ಒಂದು ವರ್ಷ ಕಿಟಕಿ ಮುಚ್ಕೊಂಡು ಮನೇಲಿ ಕೂತೆ. ಸಂದೀಲಿ ನೊಣ ಬಂದ್ರೂ ಎದೆ ಹೊಡ್ಕೊಳ್ಳೋದು. ಒಳಗೂ ಅದೇ ಭಯ, ಹೊರಗೂ ಅದೇ ಭಯ. ಹೊರಗಾದ್ರೆ ಕೆಲಸನಾದ್ರೂ ಆಗುತ್ತೆ.”

ನಾನು ಹೆದರಿದ್ದು ನಡೆದೇಹೋದದ್ದು ನರಸೀಪುರದ ಸಂಗಮದ ಕೆಳಗಿನ ದಡದಲ್ಲಿ. ಎರಡು ಸೀಮೆಗಳು ಅಲ್ಲೇ ಕೂಡಬಹುದೆಂದು ಮೇಡಂ ಲೆಕ್ಕ ಹಾಕಿದ್ದರು. ಮಧ್ಯಾಹ್ನದ ಉರಿಬಿಸಿಲು. ಮರಳು ಲಾರಿಯೊಂದು ದೂರದಲ್ಲಿ ನಿಂತಿತ್ತು. ಡ್ರೈವರ್ ಗುಡಿಸಲು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ನಾವಿಬ್ಬರೂ ಮರಗಳನ್ನು ನೋಡಿಯೇ ಇಳಿದಿದ್ದೆವು. ಆದರೆ ದಡದ ಆಲದ ನೀರಿನ ಕಡೆಯ ಕೊಂಬೆ ನಮಗೆ ಕಂಡಿರಲಿಲ್ಲ. ಗಿಡುಗವೊಂದು ಎರಗಿ ಅಲ್ಲಿದ್ದ ಹೆಜ್ಜೇನಿನ ಹುಟ್ಟನ್ನು ಕಿತ್ತಿತು. ಮೊದಲು ಸದ್ದು ಬಂತು. ದೂರದಲ್ಲಿ ಮಳೆ ಬಂದಂಥ ಸದ್ದು. ಆಮೇಲೆ ಬಿಸಿಲು ಮಂಕಾಯಿತು.

ಮೇಡಂ ಓಡಿದರು. ನನ್ನನ್ನು ಕರೆಯಲಿಲ್ಲ, ಹಿಂತಿರುಗಿ ನೋಡಲಿಲ್ಲ. ಐವತ್ತು ದಾಟಿದ ಹೆಂಗಸು ಅಷ್ಟು ಜೋರಾಗಿ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಲಾರಿ ಹತ್ತಿ ಬಾಗಿಲು ಹಾಕಿಕೊಂಡರು. ಗಾಜು ಏರಿಸಿತ್ತು. ನಾನು ಬಂದು ಮುಟ್ಟುವಷ್ಟರಲ್ಲಿ ಕತ್ತು, ಕಿವಿ, ರೆಪ್ಪೆ ಎಲ್ಲ ಕಡೆ ಕೆಂಡ. ಬಾಗಿಲು ಬಡಿದೆ. ಗಾಜಿನಾಚೆ ಅವರ ಮುಖ. ಬಾಯಿ ತೆರೆದಿತ್ತು, ಬಣ್ಣವೇ ಇರಲಿಲ್ಲ. ಬಾಗಿಲು ತೆಗೆದರೆ ನನ್ನ ಜೊತೆ ಹುಳಗಳೂ ಒಳಗೆ ಬರುತ್ತವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಬಡಿಯುತ್ತಲೇ ಇದ್ದೆ.

ಬಾಗಿಲು ತೆರೆಯಿತು. ಅವರ ಕೈ ನನ್ನ ಅಂಗಿಯನ್ನು ಹಿಡಿದು ಒಳಗೆ ಎಳೆದುಕೊಂಡಿತು.

ನನ್ನ ಜೊತೆ ಬಂದ ಹುಳಗಳನ್ನು ಇಬ್ಬರೂ ಬಟ್ಟೆಯಲ್ಲಿ ಒರೆಸಿ ಕೊಂದೆವು. ಆದರೂ ಒಂದು ಅವರ ಕುತ್ತಿಗೆಗೆ, ಒಂದು ಕೆನ್ನೆಗೆ ಕಚ್ಚಿತ್ತು. ನೋಡನೋಡುತ್ತಿದ್ದಂತೆ ತುಟಿ ಊದಿತು. ಉಸಿರಿಗೆ ಸಿಳ್ಳಿನ ಸದ್ದು ಸೇರಿತು. ಡಬ್ಬಿ ತೆಗೆದೆ. ನನ್ನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಬಾಟಲಿಯ ಕತ್ತು ಮುರಿದು, ಔಷಧಿ ಎಳೆದು, ಸೀರೆಯ ಮೇಲಿಂದಲೇ ತೊಡೆಗೆ ಚುಚ್ಚಿದೆ. ಆಮೇಲೆ ಅತ್ತೆ.

ಅಷ್ಟರಲ್ಲಿ ಡ್ರೈವರ್ ಕಂಬಳಿ ಹೊದ್ದುಕೊಂಡು ಓಡಿಬಂದು ಆಚೆ ಬಾಗಿಲಿನಿಂದ ಹತ್ತಿದ. “ಗಟ್ಯಾಗಿ ಇಡ್ಕಳವ್ವ ಅವ್ರನ್ನ, ಆಸ್ಪತ್ರೆಗೆ ಓಡುಸ್ಬುಡ್ತೀನಿ” ಎಂದು ಲಾರಿ ಹೊರಡಿಸಿದ. ಮೇಡಂ ಉಳಿದರು.

ಆಸ್ಪತ್ರೆಯ ಮಂಚದಲ್ಲಿ ಅವರು ಆಡಿದ ಮೊದಲ ಮಾತು: “ಬಾಗಿಲು ತೆಗೆಯೋಕೆ ತಡ ಮಾಡಿದೆ. ತೆಗೀಲೋ ಬೇಡ್ವೋ ಅಂತ ಯೋಚನೆ ಮಾಡಿದೆ ಕಣಮ್ಮ. ನೀನು ನೋಡ್ದೆ.”

“ತೆಗೆದ್ರಲ್ಲ ಮೇಡಂ” ಎಂದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಅದಾದ ಮೇಲೂ ಅವರು ಕೆಲಸ ಬಿಡಲಿಲ್ಲ. ಆದರೆ ಆ ದಡಕ್ಕೆ ಮಾತ್ರ ಕಾಲಿಡಲಾಗಲಿಲ್ಲ. ಒಂದೆರಡು ಸಲ ನರಸೀಪುರದವರೆಗೆ ಹೋಗಿ, ಬಸ್ಸಿಳಿದು, ಮೈಯೆಲ್ಲ ಬೆವತು, ಅದೇ ಬಸ್ಸಿಗೆ ಹತ್ತಿ ವಾಪಸು ಬಂದರು. ನಕ್ಷೆ ಬೆಳೆಯಿತು. ಒಂದು ಕಡೆ ಕೆಂಪು ಪೆನ್ಸಿಲಿನ ಸೀಮೆ, ಇನ್ನೊಂದು ಕಡೆ ನೀಲಿಯದು, ನಡುವೆ ಸಂಗಮದ ಹತ್ತಿರ ಬಿಳಿ ಜಾಗ. ಎರಡನ್ನೂ ಅರ್ಧರ್ಧ ಎಳೆದು ಸೇರಿಸಿಬಿಡೋಣವೆಂದು ನಾನೇ ಹೇಳಿದೆ.

“ನೋಡದೆ ಹೇಗೆ ಎಳೀಲಿ? ಹಾಗೇ ಇರಲಿ. ಅಲ್ಲಿ ಜೇನಿಲ್ಲ ಅಂತಲ್ಲ, ನಾನು ಹೆದರಿ ಹೋಗಲಿಲ್ಲ ಅಂತ ಅದರ ಅರ್ಥ.” ನಕ್ಷೆಯ ಕೆಳಗೆ ‘ನೋಡಿಲ್ಲ’ ಎಂದು ತಾವೇ ಬರೆದರು.

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಅವರ ಹೃದಯ ಸೋಲತೊಡಗಿತು. ಮೆಟ್ಟಿಲು ಹತ್ತಲಾರದಾದರು, ಆಮೇಲೆ ಮಂಚದಿಂದ ಏಳಲಾರದಾದರು. ನಾನಾಗ ಮೈಸೂರಿನಲ್ಲಿ ಪಾಠ ಹೇಳುತ್ತಿದ್ದೆ. ಒಂದು ಮಳೆಗಾಲದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಆ ದಡಕ್ಕೆ ಹೋದೆ.

ಸಂಜೆಯಾಗುತ್ತಿತ್ತು. ಆಲದ ಮರದ ಕಡೆ ನೋಡಲು ಕತ್ತು ತಿರುಗಲೊಲ್ಲದು. ಸೇತುವೆಯ ಮೇಲೆ ಮೋಟಾರು ಸೈಕಲ್ ಹೋದ ಸದ್ದಿಗೆ ಮುಖ ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕುಸಿದೆ. ಎದ್ದು ಹೋಗಿಬಿಡೋಣವೆಂದು ಎಷ್ಟು ಸಲ ಅನ್ನಿಸಿತೋ. ಬಿಸಿಲು ಪೂರಾ ಇಳಿದ ಮೇಲೆ ನೀಲಿಪಟ್ಟೆಯ ಜೇನುಗಳು ಬಂದವು. ಇವುಗಳಲ್ಲಿ ಗಂಡುಗಳಿಗೆ ಗೂಡಿಲ್ಲ. ಕತ್ತಲಾಗುವ ಮೊದಲು ಹುಲ್ಲಿನ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಕಾಲು ಮಡಿಸಿ, ಸಾಲಾಗಿ ನಿದ್ದೆ ಹೋಗುತ್ತವೆ. ಮಸೂರ ಹಿಡಿದೆ. ಇಟ್ಟಿಗೆ ಬಣ್ಣದ್ದು. ಅದರ ಪಕ್ಕ ಬೂದಿ ಬಣ್ಣದ್ದು. ಮತ್ತೆ ಇಟ್ಟಿಗೆ ಬಣ್ಣದ್ದು. ಮುಖದ ಹಳದಿ ಗುರುತನ್ನು ಒಂದೊಂದರಲ್ಲೂ ನೋಡಿದೆ, ಮತ್ತೆ ಮೊದಲಿನಿಂದ ನೋಡಿದೆ. ಎರಡೂ ಒಂದೇ ಕಡ್ಡಿಯಲ್ಲಿ ಮಲಗಿದ್ದವು.

ಮರುದಿನ ನಂಜನಗೂಡಿಗೆ ಹೋಗಿ ಮೇಡಂಗೆ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು.

“ಒಬ್ಬಳೇ ಹೋಗಿದ್ಯಾ?”

“ಹೂಂ ಮೇಡಂ.”

“ಹೆದರಿಕೆ ಆಯ್ತಾ?”

“ತುಂಬಾ.”

“ಹಾಗಾದ್ರೆ ಸರಿ” ಎಂದರು. “ಸರಿಯಾಗೇ ನೋಡಿರ್ತೀಯ.”

ನಕ್ಷೆ ತರಿಸಿ ಎರಡೂ ಪೆನ್ಸಿಲುಗಳನ್ನು ನನ್ನ ಕೈಗೇ ಕೊಟ್ಟರು. ಬಿಳಿ ಜಾಗದಲ್ಲಿ ಕೆಂಪು ಗೆರೆಯ ಮೇಲೆ ನೀಲಿ ಗೆರೆ ಎಳೆಯುವುದನ್ನು ದಿಂಬಿಗೊರಗಿ ನೋಡಿದರು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಈಗ ನನ್ನ ಜೊತೆ ಹುಳ ಹುಡುಕಲು ಬರುವ ಹುಡುಗಿಯರು ದೊಡ್ಡ ಮರದ ಕೆಳಗೆ ನಿಂತು ನನ್ನ ಮುಖ ನೋಡುತ್ತಾರೆ. ಹೆದರಬೇಡಿ ಎಂದು ನಾನು ಅವರಿಗೆ ಹೇಳುವುದಿಲ್ಲ. ಅಷ್ಟು ವರ್ಷ ಜೊತೆಯಲ್ಲಿ ಓಡಾಡಿಸಿದ ನನ್ನ ಮೇಡಂ ಆ ಸುಳ್ಳನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ.