ಅಪ್ಪನಿಗೆ ಸಿಕ್ಕ ಮರ್ಯಾದೆ

ನಮ್ಮ ಭಾಗದ ನಾಯಕರ ಪಾಡ್‌ಕಾಸ್ಟ್ ಬಂದಿದೆ ಎಂದು ಬಿಲ್ಡಿಂಗಿನವರಿಗೆಲ್ಲ ಲಿಂಕ್ ಕಳಿಸಿದ್ದು ಅಪ್ಪ. ಆ ನಾಯಕರು ಮೊದಲ ಸಲ ಚುನಾವಣೆಗೆ ನಿಂತಾಗ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮುಂಬೈಯ ಮಲಾಡಿನ ಗಲ್ಲಿಗಲ್ಲಿ ಸುತ್ತಿಸಿದ್ದೂ ಅಪ್ಪನೇ. ಧಾರವಾಡದಿಂದ ಬಂದು ಇಟ್ಟ ಬಟ್ಟೆ ಅಂಗಡಿಯನ್ನು ಅಮ್ಮನ ತಲೆಗೆ ಕಟ್ಟಿ ಪ್ರಚಾರಕ್ಕೆ ಹೋಗಿದ್ದರಂತೆ. ಆಮೇಲೆ ಎಲ್ಲಿ ಕಂಡರೂ ನಾಯಕರು ‘ಏನೋ’ ಎನ್ನುವ ಹಾಗೆ ಮರಾಠಿಯಲ್ಲಿ ‘ಕಾಯ್ ರೇ’ ಎಂದು ಬೆನ್ನಿಗೆ ಗುದ್ದುತ್ತಿದ್ದರು. ಆ ಏಕವಚನ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

‘ಎಲ್ಲಾರಿಗೂ ಹಂಗಂತಾರೇನು? ನಮ್ಮವರಿಗಷ್ಟ ಅಂತಾರ’ ಎನ್ನುತ್ತಿದ್ದರು ಅಪ್ಪ.

ಮೂವರೂ ಟಿವಿ ಮುಂದೆ ಕೂತೆವು. ತಮ್ಮ ಹೆಸರು ಬಂದೇ ಬರುತ್ತದೆ ಎಂದು ಅಪ್ಪನ ನಂಬಿಕೆ. ಪರದೆಯ ಮೇಲಿನ ನಾಯಕರು ಬೇರೆಯೇ ಆಗಿದ್ದರು. ಮಗನ ವಯಸ್ಸಿನ ನಿರೂಪಕನಿಗೆ ಮಾತುಮಾತಿಗೂ ಹಿಂದಿಯ ಬಹುವಚನದ ‘ಆಪ್’ ಎನ್ನುತ್ತಾ, ಮೊದಲು ಪ್ರಶ್ನೆಯನ್ನು ಹೊಗಳಿ, ಆಮೇಲೆ ಬೆಣ್ಣೆ ಹಚ್ಚಿದ ಉತ್ತರ ಕೊಡುತ್ತಿದ್ದರು. ಅವನೂ ಕಡಿಮೆಯವನಲ್ಲ, ಪ್ರತಿ ಉತ್ತರಕ್ಕೂ ತಲೆದೂಗುತ್ತಿದ್ದ. ಹಳೆಯ ದಿನಗಳ ಗೆಳೆಯರು ಯಾರಾದರೂ ನೆನಪಾಗುತ್ತಾರಾ ಎಂದು ಕೇಳಿದ. ಅಪ್ಪ ರಿಮೋಟ್ ಎತ್ತಿಕೊಂಡು ದನಿ ಜಾಸ್ತಿ ಮಾಡಿದರು.

ನಾಯಕರು ನಕ್ಕರು. ಎಲ್ಲರೂ ನನ್ನ ಕುಟುಂಬದವರೇ, ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ನೋವಾಗುತ್ತದೆ, ಕ್ಷಮಿಸಿ ಎಂದರು.

‘ಖರೇನ ಹೇಳಿದ್ರು. ದೊಡ್ಡವರು ಹಂಗ ಮಾತಾಡಬೇಕು’ ಎಂದು ಅಪ್ಪ ಉಳಿದದ್ದನ್ನೂ ಕೊನೆಯವರೆಗೆ ನೋಡಿದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಒಳಗೆಲ್ಲ ಮರಗಟ್ಟಿದ ಹಾಗಿತ್ತು. ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿದೆ.

ಮುಂದಿನ ವಾರ ನಮ್ಮ ಸೊಸೈಟಿಯ ಹೊಸ ಲಿಫ್ಟಿನ ಉದ್ಘಾಟನೆಗೆ ನಾಯಕರೇ ಬಂದರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಗುದ್ದು ಬೀಳಲಿ ಎಂಬಂತೆ ಬೆನ್ನನ್ನು ಕೊಂಚ ವಾರೆ ಮಾಡಿ, ಎಲ್ಲರಿಗಿಂತ ಮುಂದೆ ನಿಂತಿದ್ದರು. ನಾಯಕರು ಹತ್ತಿರ ಬಂದು ಎರಡೂ ಕೈ ಜೋಡಿಸಿದರು.

‘ನಮಸ್ಕಾರ್ ಜೀ, ಆಪ್ ಕೈಸೇ ಹೈಂ?’

ಪಾಡ್‌ಕಾಸ್ಟಿನ ಅದೇ ದನಿ. ಉತ್ತರಕ್ಕೆ ಕಾಯುವ ಸೌಜನ್ಯವೂ ಇತ್ತು. ಅಪ್ಪ ‘ಠೀಕ್ ಹೂಂ, ಸಾಹೇಬ್’ ಎಂದರು. ನಾಯಕರು ಪಕ್ಕದಲ್ಲಿದ್ದ ವಾಚ್‌ಮನ್ನಿಗೂ ಕೈ ಜೋಡಿಸಿ ಅದನ್ನೇ ಕೇಳಿ ಮುಂದೆ ಹೋದರು. ಅಪ್ಪನ ಬೆನ್ನು ಇನ್ನೂ ವಾರೆಯಾಗಿಯೇ ಇತ್ತು.

ಮನೆಗೆ ಬಂದಾಗ ಅಮ್ಮ ‘ಮಾತಾಡಿಸಿದ್ರೇನ್ರಿ?’ ಎಂದು ಕೇಳಿದಳು.

ಅಪ್ಪ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ಮುಖ ಎತ್ತಲಿಲ್ಲ.

‘ಹೂಂ. ಭಾಳ ಮರ್ಯಾದೆಯಿಂದ ಮಾತಾಡಿಸಿದ್ರು’ ಎಂದರು.