ಸೀಟಿನ ಪ್ಲಾಸ್ಟಿಕ್

ಕುಂಭಾರಿಯ ಮಲಕಣ್ಣ ಗಿಯರ್‌ಬಾಕ್ಸ್ ಕೆಟ್ಟ ಕಾರು ಮನಿ ಮುಂದ ನಿಲ್ಲಿಸಿ, ಎಸ್ಟಿ ಬಸ್ಸಿನಾಗ ಓಡಾಡೋ ಮನಶ್ಯಾ. ಸೋಮವಾರಕ್ಕೊಮ್ಮೆ ಸೊಲ್ಲಾಪುರದ ಶೋರೂಮಿಗೆ ಹೋಗಿ ಟೇಬಲ್ ಗುದ್ದತಾನ: “ಗಾಡಿ ಕೊಡೂ ಮುಂದ ಪೇಢೆ ತಿನಿಸಿದ್ರಿ. ಈಗ ಕುಂದರ್ರಿ ಅನ್ನಾಕೂ ನಿಮಗ ಬಾಯಿಲ್ಲ.” ಅಲ್ಲಿನ ಸಾಹೇಬ ಕಂಪ್ಯೂಟರಿನಿಂದ ಕಣ್ಣು ಎತ್ತದ, “ಇದು ವಾರಂಟಿಯೊಳಗ ಬರೂದಿಲ್ಲ ಕಾಕಾ” ಅಂತಾನ. ಬಸ್ಸು ಕುಂಭಾರಿ ಮುಟ್ಟೂತನಾ ಮಲಕಣ್ಣನ ಬೈಗುಳ ನಿಲ್ಲೂದಿಲ್ಲ. ಸೀಟಿನ ಪ್ಲಾಸ್ಟಿಕ್ ತಗದ್ರ ವಾರಂಟಿ ಹೋಗತೈತಿ ಅಂತ ಯಾರೋ ಅಂದಿದ್ದಕ್ಕ, ಮೂರು ಬ್ಯಾಸಗಿ ಹೆಂಡ್ತಿ ದ್ರೌಪದಿನ್ನ ಅದರ ಮ್ಯಾಲ ಬೆವರಿಸಿದಾಂವ ಇಂವ. ಹೋದ ಸೋಮವಾರ ಶೋರೂಮಿನವರು, ವಾರಂಟಿನೇ ಮುಗೀತು ಅಂದ್ರು. ಮನಿಗೆ ಬಂದಾಂವನೇ ಕುಡಗೋಲು ತಗೊಂಡು ಆ ಪ್ಲಾಸ್ಟಿಕ್ ಸೀಳಿ ಅಂಗಳಕ್ಕ ಒಗದ. “ಈಗ ಕುಂದರು” ಅಂದ. ನಿಂತ ಗಾಡಿಯಾಗ ದ್ರೌಪದಿ ಕುಂತು, ಸೀಟಿನ ಮ್ಯಾಲ ಕೈಯಾಡಿಸಿ ಕೇಳಿದ್ಲು: “ಇದು ಇಷ್ಟು ಮೆತ್ತಗಿತ್ತೇನ್ರಿ?”