ಎಣ್ಣೆ ಹಚ್ಚಿಕೊಂಡು ಹೋದ ಸ್ನಾನ

ಅಮೆರಿಕದ ಕ್ಯಾರಿ ಊರಿನ ನಮ್ಮ ಮನೆಯಿಂದ ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆ. ಅಕ್ಟೋಬರ್ ತಿಂಗಳು, ಕಾರಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಪಶ್ಚಿಮಕ್ಕೆ ಇನ್ನೂರೈವತ್ತು ಮೈಲಿ ದೂರದ ಆಶ್‌ವಿಲ್ ಊರಿನ ಹೊರಗೆ, ಗುಡ್ಡದ ಮೇಲೆ ಜಪಾನಿ ಪದ್ಧತಿಯ ಒಂದು ಸ್ನಾನದ ಮನೆ ಇದೆ. ನಾನು ಹೋಗಬೇಕಾಗಿದ್ದದ್ದು ಅಲ್ಲಿಗೆ. ಅಷ್ಟು ದೂರ ಒಬ್ಬಳೇ ಕಾರು ಓಡಿಸಿದ್ದು ಅದೇ ಮೊದಲು. ನನ್ನ ಯಜಮಾನರು ಟೈರುಗಳನ್ನು ಎರಡು ಸಲ ನೋಡಿ, "ಟ್ರಕ್ ಹಿಂದ ಹೋಗಬ್ಯಾಡ, ಮುಂದನೂ ಹೋಗಬ್ಯಾಡ" ಎಂದರು. ಹಾಗಾದರೆ ಎಲ್ಲಿ ಹೋಗಲಿ ಎಂದು ಕೇಳಿದ್ದಕ್ಕೆ ಮೂರನೆಯ ಸಲ ಟೈರು ನೋಡಿದರು.

ಹೊರಡುವ ಮುಂಚೆ ತಲೆಗೆ ಕೊಬ್ಬರಿ ಎಣ್ಣೆಯನ್ನು ಚೆನ್ನಾಗಿ ತಿಕ್ಕಿ ತುರುಬು ಕಟ್ಟಿಕೊಂಡಿದ್ದೆ. ಬಿಸಿ ನೀರಿನ ಸ್ನಾನಕ್ಕೆ ಹೊರಟವಳು ಇನ್ನೇನು ಮಾಡುತ್ತಾಳೆ? ಗದಗಿನಲ್ಲಿ ನಮ್ಮವ್ವ ಎಣ್ಣೆ ಹಚ್ಚಿ ಎರಡು ತಾಸು ಬಿಡುತ್ತಿದ್ದಳು, ಆಮೇಲೆ ಅಕ್ಕ ನನಗೆ ಎರೆಯುತ್ತಿದ್ದಳು. ದಾರಿ ನಾಲ್ಕು ತಾಸಿನದು. ಎಣ್ಣೆ ಇಳಿಯಲು ಬೇಕಾದಷ್ಟು ಹೊತ್ತು.

ಸ್ನಾನದ ಈ ಯೋಜನೆ ನನ್ನದಲ್ಲ, ಆ ಅಕ್ಕನದು, ಗಿರಿಜಕ್ಕನದು. 2020ರ ಏಪ್ರಿಲ್‌ಗೆ ಅವಳು ತನ್ನೂರಾದ ಅಲ್ಫರೆಟಾದಿಂದ ಮೂವರ ಹೆಸರಿನಲ್ಲಿ ಬುಕ್ ಮಾಡಿದ್ದಳು: ಅವಳು, ಅವಳ ಮಗಳು ಪಲ್ಲವಿ ಮತ್ತು ನಾನು. ಅಷ್ಟರಲ್ಲಿ ಕೋವಿಡ್ ಬಂದು ಎಲ್ಲ ಮುಚ್ಚಿತು. ಜುಲೈನಲ್ಲಿ ಅಕ್ಕನೂ ಹೋದಳು. ಮೂರು ವರ್ಷದ ಮೇಲೆ ಪಲ್ಲವಿ ತನ್ನ ತಾಯಿಯ ಇಮೇಲ್‌ಗಳನ್ನು ನೋಡುತ್ತ ಆ ಬುಕಿಂಗ್ ಕಂಡು, ಈ ಸಲ ಇಬ್ಬರಿಗೆ ಮಾಡಿಸಿ, ನನಗೆ ಮೆಸೇಜ್ ಕಳಿಸಿದ್ದಳು. ಫೋನ್ ಮಾಡಿರಲಿಲ್ಲ. ಅವಳಿಗೂ ನನಗೂ ಮಾತು ಅಷ್ಟಕ್ಕಷ್ಟೇ ಆಗಿ ಮೂರು ವರ್ಷವಾಗಿತ್ತು.

ಕಾರಣ ಒಂದು ಫೋನ್ ಕರೆ. ಅಕ್ಕನಿಗೆ ಜ್ವರ ಎಂದು ಕೇಳಿದ ದಿನವೇ ನಾನು ಬ್ಯಾಗ್ ತುಂಬಿಕೊಂಡಿದ್ದೆ. ಪಲ್ಲವಿ ಫೋನಿನಲ್ಲಿ, "ಮೌಶಿ, ಬರಬೇಡ. ಬಂದ್ರೂ ನಾನು ಡೋರ್ ತೆಗೆಯೋದಿಲ್ಲ" ಎಂದಳು. ನಾನು ಹೋಗಲಿಲ್ಲ. ಹನ್ನೊಂದು ದಿನಕ್ಕೆ ಎಲ್ಲ ಮುಗಿಯಿತು. ಆಗಿನ ನಿಯಮದಂತೆ ಅಕ್ಕನನ್ನು ಇಟ್ಟಿದ್ದ ಚೀಲ ಬಿಚ್ಚುವಂತಿರಲಿಲ್ಲ. ಮೈಗೆ ನೀರು ಹಾಕದೆ ಅಕ್ಕನನ್ನು ಕಳಿಸಿದರು. ನಾನು ಅದನ್ನು ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆ. ನನಗೆ ಹತ್ತು ವರ್ಷವಾಗುವವರೆಗೆ ಎರೆದವಳಿಗೆ ನಾನು ಒಂದು ತಂಬಿಗೆ ನೀರು ಎರೆಯಲಾಗಲಿಲ್ಲ. ಅದಕ್ಕೆ ಆ ಹುಡುಗಿಯೇ ಕಾರಣ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸಿ ಸುಮ್ಮನಾಗುತ್ತಿದ್ದೆ.

ಸ್ಟೇಟ್ಸ್‌ವಿಲ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಂತೆ. ಚಪಾತಿ, ಬದನೆಕಾಯಿ ಪಲ್ಯ ಕಟ್ಟಿಕೊಂಡಿದ್ದೆ. ಬೆಂಚಿನ ಮೇಲೆ ಕೂತು ತಿಂದು, ಕೈ ತೊಳೆದು, ಪರ್ಸಿನಿಂದ ಅಕ್ಕನ ಹಳೆಯ ಪತ್ರ ತೆಗೆದೆ. ತೊಂಬತ್ತರ ದಶಕದಲ್ಲಿ ಭಾವನ ಕಂಪನಿಯವರು ಅವರಿಬ್ಬರನ್ನೂ ಎರಡು ವರ್ಷ ಜಪಾನಿಗೆ ಕಳಿಸಿದ್ದರು. ಬಾಡಿಗೆಯ ಎರಡು ಕೋಣೆ, ಅದರಲ್ಲಿ ಬಚ್ಚಲೇ ಇಲ್ಲ. ಓಣಿಯವರೆಲ್ಲ ಸಂಜೆ ಸಾರ್ವಜನಿಕ ಸ್ನಾನದ ಮನೆಗೆ ಹೋಗುತ್ತಿದ್ದರು, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಮ್ಮ ಮನೆಯಲ್ಲಿ ಬಾಗಿಲಿಗೆ ಚಿಲಕ ಹಾಕಿದ ಮೇಲೂ ಎದೆಯ ಮೇಲೆ ಪರಕಾರದ ಲಂಗ ಕಟ್ಟಿಕೊಂಡೇ ನೀರು ಹಾಕಿಕೊಳ್ಳುತ್ತಿದ್ದವರು ನಾವು. ಅಕ್ಕ ಮೊದಲ ದಿನ ಹಾಗೆಯೇ ಪರಕಾರ ಕಟ್ಟಿಕೊಂಡು ಒಳಗೆ ಹೋದಳು. ಅಲ್ಲಿನ ಮುದುಕಿ ತಲೆಬಾಗಿ ನಮಸ್ಕರಿಸಿ ಹೊರಗೆ ಕಳಿಸಿದಳು. ಎರಡನೆಯ ದಿನ ಬಾಗಿಲ ತನಕ ಹೋಗಿ ವಾಪಸು ಬಂದಳು. ಮೂರನೆಯ ದಿನ ಎಲ್ಲ ಬಿಚ್ಚಿಟ್ಟು ಹೋದಳು.

ಪತ್ರದಲ್ಲಿ ಹೀಗೆ ಬರೆದಿದ್ದಳು: "ಯಾರನ್ನೂ ನೋಡಬಾರದು, ಯಾರೂ ನಿನ್ನನ್ನು ನೋಡುವುದಿಲ್ಲ. ಅಲ್ಲಿ ಮರ್ಯಾದೆ ಬಟ್ಟೆಯೊಳಗಿಲ್ಲ, ಕಣ್ಣಿನಲ್ಲಿದೆ. ನಾನು ಅಷ್ಟು ಹೆದರಿಕೊಂಡು ಹೋದರೆ ಒಬ್ಬಳೂ ತಿರುಗಿ ನೋಡಲಿಲ್ಲ. ನಿಜ ಹೇಳಲೇನು, ಸ್ವಲ್ಪ ಬೇಸರವೇ ಆಯಿತು." ಕೆಳಗೆ ನಿಯಮಗಳು. ಮೊದಲು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಳ್ಳಬೇಕು. ನಿಂತು ನೀರು ಸುರಿದುಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ, ಕೂತೇ ಹಾಕಿಕೊಳ್ಳಬೇಕು. ತೊಟ್ಟಿ ಕೊಳೆ ತೊಳೆಯುವುದಕ್ಕಲ್ಲ, ಮೈ ಕಾಯಿಸಿಕೊಳ್ಳುವುದಕ್ಕೆ. ಆ ನೀರು ಎಲ್ಲರದು. ಚಿಕ್ಕ ಟವೆಲ್ ತೊಟ್ಟಿಯಲ್ಲಿ ಅದ್ದಬಾರದು, ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಏಳುವಾಗ ಕೂತ ಸ್ಟೂಲು ತೊಳೆದು, ಬಕೆಟ್ ಬೋರಲು ಹಾಕಿ ಬರಬೇಕು. ಎಣ್ಣೆಯ ಮಾತು ಆ ಪತ್ರದಲ್ಲಿ ಇರಲಿಲ್ಲ.

ಮೇರಿಯನ್ ಹತ್ತಿರ ಪೆಟ್ರೋಲ್ ಹಾಕಿಸಿದಲ್ಲಿ ಕುದಿಸಿದ ಶೇಂಗಾ ಮಾರುತ್ತಿದ್ದರು. ಐದು ಡಾಲರಿಗೆ ಒಂದು ದೊಡ್ಡ ಕಪ್. ಅಕ್ಕ ಈ ದೇಶದಲ್ಲಿ ಮನಸಾರೆ ಮೆಚ್ಚಿದ ತಿಂಡಿ ಅದೊಂದೇ. ಒಂದು ಕಪ್ ಕೊಂಡು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡೆ. ಅಲ್ಲಿಂದ ಮುಂದೆ ಘಟ್ಟದ ದಾರಿ. ಎರಡೂ ಕಡೆ ಎಲೆಗಳು ಅರಿಶಿನ, ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ನಾನು ಬಲಗಡೆಯ ಲೇನು ಬಿಡಲಿಲ್ಲ. ಟ್ರಕ್ಕುಗಳ ಹಿಂದೆಯೂ ಹೋದೆ, ಮುಂದೆಯೂ ಹೋದೆ.

ಹನ್ನೆರಡಕ್ಕೆ ಮುಟ್ಟಿದೆ. ಪಲ್ಲವಿ ಮೂರೂವರೆ ತಾಸು ಡ್ರೈವ್ ಮಾಡಿ ಆಗಲೇ ಬಂದು ಪಾರ್ಕಿಂಗ್ ಲಾಟ್‌ನಲ್ಲಿ ನಿಂತಿದ್ದಳು. ಇಪ್ಪತ್ತೇಳರ ವಯಸ್ಸು, ಅಕ್ಕನ ಹಣೆ, ಅಕ್ಕನ ನಿಲುವು. ಅರ್ಧ ಅಪ್ಪುಗೆ ಕೊಟ್ಟು ಹಿಂದೆ ಸರಿದಳು. ಆಮೇಲೆ ಏನೋ ನೆನಪಾದವಳಂತೆ ಮತ್ತೆ ಹತ್ತಿರ ಬಂದು ನನ್ನ ತಲೆಯ ಬಳಿ ಮೂಗು ತಂದಳು.

"ನೀ ಅಮ್ಮನ ಥರ ಸ್ಮೆಲ್ ಮಾಡ್ತಿ" ಎಂದಳು.

ನಾನು ಶೇಂಗಾದ ಕಪ್ ಮುಂದೆ ಹಿಡಿದೆ. ಇಬ್ಬರೂ ಕಾರಿಗೆ ಒರಗಿ ನಿಂತು ತಿಂದೆವು. ಅವಳ ಕೆಲಸ, ನನ್ನ ಶುಗರ್, ದಾರಿಯ ಟ್ರಾಫಿಕ್, ಇಷ್ಟೇ ಮಾತು.

ಸ್ನಾನದ ಮನೆ ದೇವದಾರಿನ ಹಲಗೆಯ ಕಟ್ಟಡ. ಒಂದೂವರೆ ತಾಸಿಗೆ ತಲೆಗೆ ನಲವತ್ತೈದು ಡಾಲರ್. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅದು ನಮಗೆ ಹೊಸದಲ್ಲ. ಹೆಂಗಸರ ಕಡೆ ನೋಡಿಕೊಳ್ಳುವವರು ಎಪ್ಪತ್ತು ದಾಟಿದ ಜಪಾನಿನ ಹಿರಿಯಾಕೆ. ಬಟ್ಟೆ ಇಡಲು ಬುಟ್ಟಿ, ಕೈಗೆ ಒಂದು ಚಿಕ್ಕ ಟವೆಲ್ ಕೊಟ್ಟರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಸೀರೆ ಬಿಟ್ಟು ಪ್ಯಾಂಟು ಹಾಕಲು ಕಲಿತಿದ್ದೆ, ಆದರೆ ಐವತ್ತೊಂದು ವರ್ಷದ ಮೈಯನ್ನು ಹೀಗೆ ಬೆಳಕಿಗೆ ತಂದಿರಲಿಲ್ಲ. ಒಳಬಟ್ಟೆಗೆ ಬಂದಾಗ ಕೈ ನಿಂತಿತು. ಮೂರನೆಯ ದಿನ ಎಲ್ಲ ಬಿಚ್ಚಿಟ್ಟು ಹೋದ ಅಕ್ಕ ನೆನಪಾದಳು. ಬಿಚ್ಚಿ ಬುಟ್ಟಿಯಲ್ಲಿ ಹಾಕಿದೆ.

ಟವೆಲ್ ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ಹಿರಿಯಾಕೆ ನನ್ನ ಮುಂದೆ ಬಂದರು. ಕಣ್ಣು ನನ್ನ ಮೈಮೇಲೆ ಇರಲಿಲ್ಲ, ತುರುಬಿನ ಮೇಲಿತ್ತು. ತುಂಬ ಮೆಲ್ಲಗೆ, ತಲೆಬಾಗಿ ಹೇಳಿದರು: ಎಣ್ಣೆ ಇದ್ದ ತಲೆಯಲ್ಲಿ ತೊಟ್ಟಿಗೆ ಇಳಿಯುವಂತಿಲ್ಲ, ಎಣ್ಣೆ ನೀರಿನ ಮೇಲೆ ತೇಲುತ್ತದೆ, ಆ ನೀರು ಎಲ್ಲರದು. ಅಕ್ಕನ ಪತ್ರದ ಮಾತೇ. ತೊಟ್ಟಿಯಲ್ಲಿದ್ದ ಇಬ್ಬರು ಅಮೆರಿಕನ್ ಹೆಂಗಸರು ಬೇರೆ ಕಡೆ ನೋಡುತ್ತಿದ್ದರು. ಒಬ್ಬಾಕೆಯ ಬೆನ್ನ ತುಂಬ ಹೂವಿನ ಹಚ್ಚೆ. ಬರಿಮೈಯಲ್ಲಿ ನಿಂತದ್ದಕ್ಕೆ ಆಗದ ನಾಚಿಕೆ ಎಣ್ಣೆಯ ತಲೆಗೆ ಆಯಿತು. ಮಡಿಗೆಂದು ಮಾಡಿದ್ದು ಇಲ್ಲಿ ಕೊಳೆಯಾಗಿತ್ತು.

ನಾನು ಪಲ್ಲವಿಗೆ, ನೀ ಹೋಗು, ನಾ ಹೊರಗ ಕುಂದರತೀನಿ ಎಂದೆ. ಬುಟ್ಟಿಯ ಕಡೆ ತಿರುಗಿಯೂ ಬಿಟ್ಟೆ. ಅವಳು ನನ್ನ ಕೈ ಹಿಡಿದಳು.

"ಕೂತ್ಕೋ ಮೌಶಿ. ನಾ ಎರೀತೀನಿ."

ಎರೆಯುವುದು ಎಂಬ ಮಾತು ಅವಳಿಗೆ ಎಲ್ಲಿಂದ ಬಂತು ಎಂದು ಕೇಳಬೇಕಾಗಿರಲಿಲ್ಲ. ಗೋಡೆಯ ಪಕ್ಕ ಮರದ ಮೂರು ಸ್ಟೂಲುಗಳಿದ್ದವು, ನಮ್ಮ ಬಚ್ಚಲ ಮಣೆಯಷ್ಟೇ ಎತ್ತರ. ಒಂದರ ಮೇಲೆ ನಾನು ಕೂತೆ. ನಡುವಿನದು ಬಿಟ್ಟು ಆಚೆಯದನ್ನು ಅವಳು ನನ್ನ ಬೆನ್ನ ಹಿಂದೆ ಎಳೆದುಕೊಂಡು ಕೂತಳು. ಹಿರಿಯಾಕೆ ಶಾಂಪೂ ಬಾಟಲಿ ತಂದಿಟ್ಟು ಹೋದರು.

ಅವಳು ಮರದ ಬಕೆಟ್ಟಿನಿಂದ ನೀರು ಸುರಿದಳು. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಕಿವಿಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಗದಗಿನ ಬಚ್ಚಲು ನೆನಪಿಗೆ ಬಂತು: ಹಂಡೆಯ ಕೆಳಗಿನ ಹೊಗೆ, ಸೀಗೆಕಾಯಿಯ ಉರಿ, "ಅಳಬ್ಯಾಡ, ಇನ್ನೊಂದ ತಂಬಗಿ ಅಷ್ಟ" ಎನ್ನುತ್ತ ಹತ್ತು ತಂಬಿಗೆ ಎರೆಯುತ್ತಿದ್ದ ಅಕ್ಕ. ಪಲ್ಲವಿಯ ಬೆರಳುಗಳು ತಲೆಯಲ್ಲಿ ಆಡುತ್ತಿದ್ದವು. ಮೊದಲ ಸಲದ ಶಾಂಪೂಗೆ ನೊರೆಯೇ ಬರಲಿಲ್ಲ. ಎರಡನೆಯ ಸಲಕ್ಕೆ ಅವಳು ಮಾತಾಡಿದಳು, ಹಿಂದಿನಿಂದ, ಮೆಲ್ಲಗೆ.

"ಮೌಶಿ, ಆ ಫೋನ್ ಕಾಲ್. ಅದು ಅಮ್ಮ ಹೇಳಿದ್ದು."

ನಾನು ಕಣ್ಣು ತೆರೆಯಲಿಲ್ಲ. ನೊರೆ ಇತ್ತು.

"ಅಮ್ಮ ನನ್ನ ಪಕ್ಕ ಇದ್ಲು. ನಿನ್ನ ಮೌಶಿಗೆ ಶುಗರ್ ಐತಿ, ಬಾ ಅಂದ್ರೂ ಬರ್ತಾಳ, ಬ್ಯಾಡ ಅಂದ್ರೂ ಬರ್ತಾಳ ಅಂದ್ಲು. ಬಾಗಿಲ ತೆಗಿಯೂದಿಲ್ಲ ಅನ್ನು, ಸಿಟ್ಟ ಮಾಡ್ಕೊಂಡು ಜೀವಂತ ಇರ್ಲಿ ಅಂದ್ಲು. ನಾ ಹೇಳಿದ್ದು ಅಂತ ಹೇಳಬ್ಯಾಡ ಅಂತ ಪ್ರಾಮಿಸ್ ತಗೊಂಡ್ಲು. ಐ ಕೆಪ್ಟ್ ಇಟ್. ಇನ್ನ ಆಗೋದಿಲ್ಲ ನನ್ನ ಕಡೆ."

ಅಕ್ಕನ ಮಾತಿನ ಧಾಟಿ ಹುಡುಗಿಯ ಬಾಯಲ್ಲಿ ಒಂದಕ್ಷರ ತಪ್ಪದೆ ಉಳಿದಿತ್ತು. ಮೂರು ವರ್ಷ ನಾನು ಸಿಟ್ಟು ಮಾಡಿಕೊಂಡು ಜೀವಂತವಾಗಿದ್ದೆ, ಅಕ್ಕ ಹೇಳಿದಂತೆಯೇ. ಆ ಸಿಟ್ಟನ್ನು ಈ ಮಗು ಒಂದೇ ತಡೆದುಕೊಂಡಿತ್ತು. ಹಿಂದಕ್ಕೆ ಕೈ ಚಾಚಿ ಅವಳ ಒದ್ದೆ ಮೊಣಕಾಲು ಹಿಡಿದುಕೊಂಡೆ. ಬಾಯಿಗೆ ಬಂದದ್ದು ಇಷ್ಟೇ: "ಇನ್ನೊಂದ ತಂಬಗಿ ಹಾಕವ್ವ. ಇನ್ನೂ ಜಿಡ್ಡ ಐತಿ."

ಅವಳು ನಕ್ಕಳು. ಆಮೇಲೆ ಅತ್ತಳು. ನೀರು ಸುರಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೂರನೆಯ ಶಾಂಪೂಗೆ ಹಿರಿಯಾಕೆ ಬಂದು ಕೂದಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಸಾಕೆಂದು ತಲೆಯಾಡಿಸಿದರು. ನಾವಿಬ್ಬರೂ ಟವೆಲ್ ಮಡಿಸಿ ತಲೆಯ ಮೇಲೆ ಇಟ್ಟುಕೊಂಡು ತೊಟ್ಟಿಗೆ ಇಳಿದೆವು. ನೀರು ಕುತ್ತಿಗೆವರೆಗೆ, ಮೊದಲು ಸುಡುವಷ್ಟು, ಆಮೇಲೆ ಬಿಟ್ಟು ಏಳಲು ಮನಸ್ಸಿಲ್ಲದಷ್ಟು ಬಿಸಿ. ಕಿಟಕಿಯಾಚೆ ಗುಡ್ಡದ ಎಲೆಗಳು ಉದುರುತ್ತಿದ್ದವು. ಹಚ್ಚೆಯ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಳು. ಯಾರೂ ಯಾರನ್ನೂ ನೋಡಲಿಲ್ಲ. ಅಕ್ಕನಿಗೆ ಆಗಿದ್ದ ಬೇಸರ ನನಗೆ ಆಗಲಿಲ್ಲ.

ಸಮಯವಾದಾಗ ಎದ್ದು ಬಂದು ಪಲ್ಲವಿ ತನ್ನ ಸ್ಟೂಲು ತೊಳೆದಳು, ನಾನು ನನ್ನದು. ಬಕೆಟ್ ಬೋರಲು ಹಾಕುವ ಮುಂಚೆ ನಾನು ಮತ್ತೊಮ್ಮೆ ನೀರು ತುಂಬಿದೆ. ಕೈಯಿಟ್ಟು ಬಿಸಿ ನೋಡಿದೆ. ಮೂರನೆಯವಳಿಗೆಂದು ಉಳಿದಿದ್ದ ನಡುವಿನ ಸ್ಟೂಲು ಒಣಗಿಯೇ ಇತ್ತು. ಅದರ ಪಕ್ಕ ಕೂತು, ಸಿಡಿಯದಂತೆ, ನಿಧಾನವಾಗಿ ನೀರನ್ನೆಲ್ಲ ಅದರ ಮೇಲೆ ಎರೆದೆ. ಪಲ್ಲವಿ ತನ್ನ ಬಕೆಟ್ ತುಂಬಿ ತಂದು ತಾನೂ ಎರೆದಳು. ಹಿರಿಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಲೆಬಾಗಿ ದಾರಿ ಬಿಟ್ಟರು.

ಆ ರಾತ್ರಿ ಮೋಟೆಲಿನಲ್ಲಿ ಬೇಗ ಮಲಗಿದೆವು. ಭಾನುವಾರ ಬೆಳಿಗ್ಗೆ ಅವಳು ದಕ್ಷಿಣಕ್ಕೆ, ನಾನು ಪೂರ್ವಕ್ಕೆ. ಹೊರಡುವಾಗ ಬ್ಯಾಗಿನಲ್ಲಿದ್ದ ನನ್ನ ಎಣ್ಣೆಯ ಬಾಟಲಿ ಅವಳೇ ಇಸಿದುಕೊಂಡಳು.

ಎರಡು ಗಂಟೆಗೆ ಮನೆ ಮುಟ್ಟಿದೆ. ಯಜಮಾನರು ಮೊದಲು ಟೈರು ನೋಡಿದರು, ಆಮೇಲೆ ನನ್ನ ಮುಖ. ಹೆಂಗಿತ್ತು ಎಂದು ಕೇಳಿದರು.

"ನೀರು ಬಿಸಿ ಇತ್ತು" ಎಂದೆ. "ಅಕ್ಕಗ ಹಿಡಸುವಷ್ಟ."